ಆಸ್ಪತ್ರೆಗೆ ಹೋಗುವ ಸರದಿ ಯಾರದು?

ನಮ್ಮ ಮನೆಯ ಅಲ್ಮೇರಾದಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಚೀಲ ಇದೆ. ಯಾವುದೋ ಬಟ್ಟೆ ಅಂಗಡಿಯದು, ಒಂದು ಹಿಡಿ ಹರಿದಿದೆ. ಡಾಕ್ಟರ ಚೀಟಿ, ರಕ್ತ ಪರೀಕ್ಷೆಯ ರಿಪೋರ್ಟು, ಎಕ್ಸ್‌ರೇ, ಔಷಧಿ ಅಂಗಡಿಯ ಬಿಲ್ಲು ಎಲ್ಲವೂ ಅದರೊಳಗೇ ಇರುತ್ತವೆ. ಯಾರಿಗಾದರೂ ಹುಷಾರಿಲ್ಲ ಅಂದರೆ ಮೊದಲು ಆ ಚೀಲ ಹೊರಗೆ ಬರುತ್ತದೆ, ಆಮೇಲೆ ಆಟೋ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಚೀಲವೋ ಬಿಸ್ಕತ್ತಿನ ಡಬ್ಬಿಯೋ ಇದ್ದೇ ಇರುತ್ತದೆ.

ದಸರಾ ರಜೆಯಲ್ಲಿ ಅಬ್ಬಾ ಆ ಚೀಲವನ್ನು ನನ್ನ ಮುಂದೆ ಇಟ್ಟು, "ನೀನು ಕಾಮರ್ಸ್ ಓದುತ್ತೀಯಲ್ಲ, ಇದನ್ನೆಲ್ಲ ಸರಿಯಾಗಿ ಜೋಡಿಸಿಕೊಡು" ಅಂದರು. ಮುಂದಿನ ವಾರ ಅವರಿಗೆ ಹೃದಯದ ಚೆಕಪ್ ಇತ್ತು, ಹಳೆಯ ಇಸಿಜಿ ಸಿಗುತ್ತಿರಲಿಲ್ಲ. ಸೈನ್ಸ್ ಓದುವವರನ್ನು ನೆಂಟರು ಔಷಧಿಯ ಬಗ್ಗೆ ಕೇಳುತ್ತಾರೆ, ಕಾಮರ್ಸ್ ಓದುವವರಿಗೆ ಬಿಲ್ಲು ಜೋಡಿಸುವ ಕೆಲಸ ಕೊಡುತ್ತಾರೆ. ಇರಲಿ. ನಾನು ಲೆಡ್ಜರಿನಲ್ಲಿ ಮಾಡುವ ಹಾಗೆ ಒಬ್ಬೊಬ್ಬರ ಹೆಸರಿಗೆ ಒಂದೊಂದು ಖಾತೆ ತೆರೆದು, ತಾರೀಖಿನ ಪ್ರಕಾರ ನೆಲದ ಮೇಲೆ ಹರಡುತ್ತಾ ಹೋದೆ.

ಅಬ್ಬಾನ ಗುಡ್ಡೆ ಎಲ್ಲಕ್ಕಿಂತ ದೊಡ್ಡದು. ಅವರಿಗೆ ಸಕ್ಕರೆ ಕಾಯಿಲೆ, ನಾಲ್ಕು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಅಣ್ಣನದು ಎರಡನೆಯದು. ಬೈಕಿನಿಂದ ಬಿದ್ದು ಕಾಲಿಗೆ ಪ್ಲೇಟ್ ಹಾಕಿಸಿಕೊಂಡವನು, ಅವನ ಎಕ್ಸ್‌ರೇಗಳೇ ಚೀಲದ ಅರ್ಧ ಜಾಗ ತಿಂದಿದ್ದವು. ತಮ್ಮನಿಗೆ ಚಿಕ್ಕಂದಿನಲ್ಲಿ ಉಬ್ಬಸ ಇತ್ತು, ಅವನ ಚೀಟಿಗಳೂ ಬೇಕಾದಷ್ಟಿವೆ. ಎರಡು ವರ್ಷದ ಹಿಂದೆ ತೀರಿಹೋದ ದಾದಿಯದು ತೆಳ್ಳಗಿನ ಒಂದು ಕಟ್ಟು. ನನ್ನದು ಒಂಬತ್ತನೇ ತರಗತಿಯ ಟೈಫಾಯ್ಡಿನ ಎರಡು ಹಾಳೆ.

ಅಮ್ಮಿಯದು ಮೂರೇ ಕಾಗದ. ಅಣ್ಣ ಹುಟ್ಟಿದಾಗಿನ ಡಿಸ್ಚಾರ್ಜ್ ಚೀಟಿ, ನಾನು ಹುಟ್ಟಿದಾಗಿನ ಡಿಸ್ಚಾರ್ಜ್ ಚೀಟಿ, ತಮ್ಮ ಹುಟ್ಟಿದಾಗಿನ ತಾಯಿ ಕಾರ್ಡ್. ಕೊನೆಯದು 2013ರದ್ದು. ಅದಾದ ಮೇಲೆ ನಮ್ಮ ಅಮ್ಮಿ ಯಾವ ಆಸ್ಪತ್ರೆಯ ಬಾಗಿಲಿಗೂ ರೋಗಿಯಾಗಿ ಹೋಗಿಲ್ಲ. ಬೇರೆಯವರ ಜೊತೆಗೆ ಎಷ್ಟು ಸಲ ಹೋಗಿದ್ದಾರೋ ಲೆಕ್ಕವಿಲ್ಲ. ಅಬ್ಬಾ ಐಸಿಯುನಲ್ಲಿದ್ದಾಗ ಹೊರಗಿನ ನೆಲದ ಮೇಲೆ ಮಲಗಿದವರು ಅವರೇ.

ನಾನು ಮೊದಲು ಖುಷಿಯಿಂದಲೇ, "ಅಮ್ಮಿ, ನೀವು ಎಷ್ಟು ಗಟ್ಟಿ ನೋಡಿ, ಹನ್ನೆರಡು ವರ್ಷದಿಂದ ಒಂದು ರೂಪಾಯಿ ಖರ್ಚಿಲ್ಲ" ಅಂದೆ. ಅವರು ನಕ್ಕರು. ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದಿದ್ದರಿಂದ ಗೋಡೆ ಹಿಡಿದು ನಿಂತಿದ್ದರು. ಉಸಿರು ಸರಿಯಾಗುವವರೆಗೆ ಅವರು ಮಾತಾಡಲಿಲ್ಲ. ಇದನ್ನು ನಾನು ದಿನಾ ನೋಡುತ್ತೇನೆ. ಆ ದಿನ ಕಾಗದಗಳ ನಡುವೆ ಕೂತಿದ್ದಕ್ಕೋ ಏನೋ, ಮೊದಲ ಸಲ ಕಣ್ಣಿಗೆ ಬಿತ್ತು.

ನಮಗೆ ದ್ವಿತೀಯ ಪಿಯುಸಿ ಸ್ಟ್ಯಾಟಿಸ್ಟಿಕ್ಸಿನಲ್ಲಿ ಮೊದಲ ಪಾಠವೇ ವೈಟಲ್ ಸ್ಟ್ಯಾಟಿಸ್ಟಿಕ್ಸ್. ಜನನ ದರ, ಮರಣ ದರ, ವಯಸ್ಸಿನ ಪ್ರಕಾರದ ಮರಣ ದರ. ಐದು ಅಂಕದ ಲೆಕ್ಕ ಅಂತ ನಾವೆಲ್ಲ ಸೂತ್ರ ಬಾಯಿಪಾಠ ಮಾಡಿದ್ದೇವೆ. ಒಟ್ಟು ದರ ಒಂದನ್ನೇ ನೋಡಿ ಎರಡು ಊರುಗಳನ್ನು ಹೋಲಿಸಬಾರದು, ವಯಸ್ಸು ಮತ್ತು ಲಿಂಗದ ಪ್ರಕಾರ ಒಡೆದು ನೋಡಬೇಕು ಅಂತ ನಮ್ಮ ಮೇಡಂ ಬೋರ್ಡಿನ ಮೇಲೆ ಬರೆದು ಎರಡು ಗೆರೆ ಎಳೆದಿದ್ದರು. ಆ ರಾತ್ರಿ ನಾನು ಅದನ್ನೇ ಮಾಡಲು ಕೂತೆ. ನಮ್ಮ ಮನೆಯ ಚೀಲ ನಮ್ಮ ಮನೆಯದ್ದೇ ವಿಶೇಷವೋ, ಇಲ್ಲ ದೇಶದ ಚೀಲವೂ ಹೀಗೇ ಇದೆಯೋ ಅಂತ ನೋಡಬೇಕಿತ್ತು.

ಹೀಗೇ ಇದೆ.

ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 2017ರ ಜುಲೈಯಿಂದ 2018ರ ಜೂನ್ ವರೆಗೆ ದೇಶದ ಮನೆ ಮನೆಗೆ ಹೋಗಿ, ಕಳೆದ ಹದಿನೈದು ದಿನದಲ್ಲಿ ಯಾರಿಗೆ ಹುಷಾರಿರಲಿಲ್ಲ ಅಂತ ಕೇಳಿದ್ದರು. ಒಟ್ಟು ಜನರಲ್ಲಿ ಶೇ. 7.5ರಷ್ಟು ಮಂದಿ ಹೌದು ಅಂದರು. 60 ದಾಟಿದವರಲ್ಲಿ ಅದು ಶೇ. 27ಕ್ಕಿಂತ ಹೆಚ್ಚು. ಹಳ್ಳಿಯಲ್ಲೂ ಪಟ್ಟಣದಲ್ಲೂ ಹುಷಾರಿಲ್ಲ ಅಂದವರಲ್ಲಿ ಹೆಂಗಸರ ಪ್ರಮಾಣವೇ ಜಾಸ್ತಿ. ಆದರೆ ಆಸ್ಪತ್ರೆಗೆ ದಾಖಲಾದವರ ಲೆಕ್ಕಕ್ಕೆ ಬಂದರೆ, ಹೆರಿಗೆಯನ್ನು ಬಿಟ್ಟು ನೋಡಿದಾಗ, ಆ ಜಾಸ್ತಿ ಎಲ್ಲೂ ಕಾಣುವುದಿಲ್ಲ. ಕಾಯಿಲೆ ಹೆಚ್ಚು, ಹಾಸಿಗೆ ಹೆಚ್ಚಿಲ್ಲ. ಮಧ್ಯದಲ್ಲಿ ಒಂದಷ್ಟು ಹೆಂಗಸರು ಎಲ್ಲೋ ಉಳಿದುಬಿಟ್ಟಿದ್ದಾರೆ.

ಇನ್ನೂ ಸ್ಪಷ್ಟವಾಗಿ ತೋರಿಸುವುದು ದೆಹಲಿಯ ಏಮ್ಸ್ ಆಸ್ಪತ್ರೆಯ ಲೆಕ್ಕ. 2016ನೇ ಇಸವಿಯಲ್ಲಿ ಅಲ್ಲಿನ ಹೊರರೋಗಿ ವಿಭಾಗಕ್ಕೆ ಆದ ಸುಮಾರು 23.77 ಲಕ್ಷ ಭೇಟಿಗಳನ್ನು ಸಂಶೋಧಕರು ಒಡೆದು ನೋಡಿದರು. ಹೆರಿಗೆ ಮತ್ತು ಸ್ತ್ರೀರೋಗ ವಿಭಾಗವನ್ನು ಬೇಕೆಂದೇ ಬಿಟ್ಟಿದ್ದರು. 2019ರಲ್ಲಿ ಅದು ಪ್ರಕಟವಾಯಿತು. ಒಬ್ಬ ಹೆಣ್ಣು ರೋಗಿಗೆ 1.69 ಗಂಡು ರೋಗಿ. ಜನಗಣತಿಯಲ್ಲಿ ಹೇಳುವ ಹಾಗೆ ಹೇಳಿದರೆ 1000 ಗಂಡಸರಿಗೆ ಸುಮಾರು 592 ಹೆಂಗಸರು. 2011ರ ಜನಗಣತಿಯಲ್ಲಿ ದೇಶದಲ್ಲಿದ್ದದ್ದು 1000 ಗಂಡಸರಿಗೆ 943 ಹೆಂಗಸರು. ಹಾಗಾದರೆ ಉಳಿದವರು ಎಲ್ಲಿ ಹೋದರು? ದೇಶದಲ್ಲಿ ಇದ್ದಾರೆ, ಆಸ್ಪತ್ರೆಯ ಸಾಲಿನಲ್ಲಿ ಇಲ್ಲ.

ವಯಸ್ಸಿನ ಪ್ರಕಾರ ನೋಡಿದಾಗ ನನಗೆ ನಿಜವಾಗಿ ಬೇಜಾರಾಯಿತು. 31ರಿಂದ 59ರ ಹೆಂಗಸರು ಸ್ವಲ್ಪವಾದರೂ ಬರುತ್ತಾರೆ. ಎಲ್ಲಕ್ಕಿಂತ ಕಡಿಮೆ ಬರುವವರು 19ರಿಂದ 30ರವರು. ಅಲ್ಲಿ ಇಬ್ಬರು ಗಂಡಸರಿಗೆ ಒಬ್ಬ ಹೆಣ್ಣು. 18ರ ಒಳಗಿನ ಮಕ್ಕಳಲ್ಲೂ ಹೆಚ್ಚು ಕಡಿಮೆ ಅಷ್ಟೇ. 60 ದಾಟಿದ ಮೇಲೆ ಮತ್ತೆ ಅಂತರ ದೊಡ್ಡದಾಗುತ್ತದೆ. ದೂರದ ಲೆಕ್ಕವೂ ಇದೆ. ದೆಹಲಿಯೊಳಗಿನಿಂದ ಬಂದವರಲ್ಲಿ ಒಬ್ಬ ಹೆಣ್ಣಿಗೆ 1.41 ಗಂಡಸರು, ಬಿಹಾರದಿಂದ ಬಂದವರಲ್ಲಿ 2.37. ಗಂಡಸಾದರೆ ರೈಲು ಹತ್ತಿಸಿ ದೆಹಲಿಗೆ ಕರೆದೊಯ್ಯುತ್ತಾರೆ. ಹೆಂಗಸಾದರೆ ಊರಿನ ಡಾಕ್ಟರ ಹತ್ತಿರವೇ ಇನ್ನೊಂದು ಸಲ ತೋರಿಸೋಣ ಅನ್ನುತ್ತಾರೆ.

ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಒಬ್ಬ ಹುಡುಗ, "ಹೆಂಗಸರು ಗಂಡಸರಿಗಿಂತ ಹೆಚ್ಚು ವರ್ಷ ಬದುಕುತ್ತಾರೆ, ಅಂದಮೇಲೆ ಆರೋಗ್ಯವಾಗಿದ್ದಾರೆ ಅಂತ ಅರ್ಥ ಅಲ್ಲವಾ?" ಅಂತ ಕೇಳಿದ. ಒಳ್ಳೆಯ ಪ್ರಶ್ನೆ, ಆ ಕ್ಷಣ ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೇಳುತ್ತೇನೆ. ಹೆಚ್ಚು ವರ್ಷ ಬದುಕುವುದು ನಿಜ. ಆದರೆ ಅಮೆರಿಕ, ಬ್ರಿಟನ್ನಿನಂಥ ದೇಶಗಳಲ್ಲೂ ಹೆಂಗಸರು ಹೆಚ್ಚು ವರ್ಷ ಬದುಕುತ್ತಾರೆ, ಅಲ್ಲಿ ಡಾಕ್ಟರ ಹತ್ತಿರ ಹೆಚ್ಚು ಹೋಗುವವರೂ ಅವರೇ. ಗಂಡಸರನ್ನು ಹೇಗಾದರೂ ಡಾಕ್ಟರ ಹತ್ತಿರ ಬರುವಂತೆ ಮಾಡುವುದೇ ಅಲ್ಲಿನವರ ಚಿಂತೆ. ಇನ್ನು ರಕ್ತಹೀನತೆ ಒಂದನ್ನೇ ನೋಡಿದರೂ ಸಾಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ, ಅದೇ ವಯಸ್ಸಿನ ಗಂಡಸರಲ್ಲಿ ಶೇ. 25. ನಮ್ಮ ಕರ್ನಾಟಕದಲ್ಲಿ ಹೆಂಗಸರ ಪ್ರಮಾಣ ಶೇ. 47.8. ನಮ್ಮ ಹೈಸ್ಕೂಲಿನಲ್ಲಿ ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ ಕೊಡುತ್ತಿದ್ದರು. ವಾಕರಿಕೆ ಬರುತ್ತದೆ ಅಂತ ಅರ್ಧ ಹುಡುಗಿಯರು ನೀರಿನ ಟ್ಯಾಂಕಿನ ಹಿಂದೆ ಎಸೆಯುತ್ತಿದ್ದೆವು. ನಾನೂ ಎಸೆದಿದ್ದೇನೆ.

ಹುಡುಗರಿಗೆ ಅನ್ಯಾಯ ಮಾಡಬಾರದು, ಅವರ ಕಡೆಯದನ್ನೂ ಹೇಳುತ್ತೇನೆ. ಹುಟ್ಟಿದ ಕೂಸುಗಳಲ್ಲಿ ಗಂಡು ಕೂಸು ಸ್ವಲ್ಪ ನಾಜೂಕು ಅಂತ ವೈದ್ಯರೇ ಹೇಳುತ್ತಾರೆ, ಆದ್ದರಿಂದ ಅವು ಒಂದಷ್ಟು ಹೆಚ್ಚು ದಾಖಲಾದರೆ ಅದೆಲ್ಲ ಭೇದಭಾವ ಅಲ್ಲ. ನಮ್ಮ ಅಣ್ಣನ ವಯಸ್ಸಿನವರು ಆಸ್ಪತ್ರೆಗೆ ಬರುವುದೇ ರಸ್ತೆಯ ಮೇಲಿಂದ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಮಂದಿ, ಅವರಲ್ಲಿ ಬಹುಪಾಲು ಗಂಡಸರು. ಅಬ್ಬಾನ ವಯಸ್ಸಿನವರ ಕಥೆ ಬೇರೆ. ಗ್ಯಾರೇಜು ಒಂದು ದಿನ ಮುಚ್ಚಿದರೆ ಆ ದಿನದ ದುಡಿಮೆ ಹೋಯಿತು, ಅದಕ್ಕೆ ಎದೆ ಹಿಡಿದುಕೊಂಡು ಕುಸಿಯುವವರೆಗೆ ಅವರು ಬಿಪಿ ಕೂಡ ನೋಡಿಸಿರಲಿಲ್ಲ. ಗಂಡಸರು ತಡವಾಗಿ ಬರುತ್ತಾರೆ. ಆದರೆ ಕುಸಿದ ದಿನ ಇಡೀ ಮನೆ, ಇಡೀ ಓಣಿ ಎದ್ದು ಓಡುತ್ತದೆ. ಅಮ್ಮಿಯಂಥವರದು ಕುಸಿಯುವ ಕಾಯಿಲೆಯಲ್ಲ, ಗೋಡೆ ಹಿಡಿದು ನಿಲ್ಲುವ ಕಾಯಿಲೆ. ಅದಕ್ಕೆ ಯಾರೂ ಓಡುವುದಿಲ್ಲ.

ದಾದಿಯ ವಿಷಯ ಹೇಳದೆ ಮುಂದೆ ಹೋಗಲಾರೆ. ಕನ್ನಡದಲ್ಲಿ ದಾದಿ ಅಂದರೆ ನರ್ಸು. ನಮ್ಮ ಮನೆಯಲ್ಲಿ ದಾದಿ ಅಂದರೆ ಅಬ್ಬಾನ ತಾಯಿ. ಒಂದನೇ ತರಗತಿಯಲ್ಲಿ ಕನ್ನಡ ಪುಸ್ತಕದ ದಾದಿಯ ಚಿತ್ರ ನೋಡಿ, ನಮ್ಮ ದಾದಿ ಬಿಳಿ ಟೋಪಿ ಯಾಕೆ ಹಾಕಿಕೊಳ್ಳುವುದಿಲ್ಲ ಅಂತ ಕೇಳಿ ನಾನು ಎಲ್ಲರಿಂದ ನಗಿಸಿಕೊಂಡಿದ್ದೆ. ಈಗ ಅನ್ನಿಸುತ್ತದೆ, ನಮ್ಮ ದಾದಿ ಎರಡೂ ಆಗಿದ್ದರು. ದಾದಾನ ಪಾರ್ಶ್ವವಾಯುವಿಗೆ ಆರು ವರ್ಷ ಸೇವೆ ಮಾಡಿದವರು ಅವರು. ಅವರ ಎರಡೂ ಕಣ್ಣಿಗೆ ಪೊರೆ ಬಂದು, ಅನ್ನದಲ್ಲಿ ಕಲ್ಲು ಆರಿಸಲಾಗದೆ, ನನ್ನ ಮುಖವನ್ನು ಕೈಯಿಂದ ಮುಟ್ಟಿ ಗುರುತಿಸುವ ಹೊತ್ತಿಗೆ ಊರಿಗೆ ಉಚಿತ ಕಣ್ಣಿನ ಶಿಬಿರ ಬಂತು, ಆಗ ಆಪರೇಷನ್ ಆಯಿತು. ಅದಕ್ಕೂ ಮೊದಲು ಕೇಳಿದಾಗಲೆಲ್ಲ "ಉಮ್ರ್ ಹೋ ಗಯೀ" ಅನ್ನುತ್ತಿದ್ದರು, ವಯಸ್ಸಾಯಿತಲ್ಲ ಅಂತ. ದಾದಾಗೂ ವಯಸ್ಸಾಗಿತ್ತು. ಅವರಿಗೆ ಯಾರೂ ಆ ಮಾತು ಹೇಳಲಿಲ್ಲ.

ನನ್ನ ವಯಸ್ಸಿನವರದು ಇನ್ನೊಂದು ರೀತಿ. ನಮ್ಮ ಬೀದಿಯಲ್ಲಿ ಒಬ್ಬ ಅಕ್ಕನಿಗೆ ಫಿಟ್ಸ್ ಬರುತ್ತದೆ. ಅವಳನ್ನು ಇಲ್ಲಿನ ಆಸ್ಪತ್ರೆಗೆ ಕರೆದೊಯ್ಯುವುದಿಲ್ಲ, ಗುರುತಿನವರು ನೋಡಿಬಿಟ್ಟರೆ ರಿಷ್ತಾ ಬರುವುದಿಲ್ಲ ಅಂತ. ದೂರದ ಊರಿಗೆ ಕರೆದೊಯ್ಯಲು ಪುರುಸೊತ್ತಿಲ್ಲ. ಹೀಗಾಗಿ ಮಾತ್ರೆ ಒಂದು ತಿಂಗಳು ಇರುತ್ತದೆ, ಒಂದು ತಿಂಗಳು ಇರುವುದಿಲ್ಲ. ಇದು ಉರ್ದು ಮಾತಾಡುವ ಮನೆಗಳದ್ದು ಮಾತ್ರ ಅಂದುಕೊಳ್ಳಬೇಡಿ. ನನ್ನ ಗೆಳತಿಯರಲ್ಲಿ ಲಂಬಾಣಿ ಮನೆಯವಳೂ ಇದ್ದಾಳೆ, ಲಿಂಗಾಯತ ಮನೆಯವಳೂ ಇದ್ದಾಳೆ. ಇಬ್ಬರೂ ಇದೇ ಕಥೆಯನ್ನು ಬೇರೆ ಹೆಸರು ಹಾಕಿ ಹೇಳಿದರು. ಏಮ್ಸ್‌ನ ಲೆಕ್ಕದಲ್ಲಿ 19ರಿಂದ 30ರ ಹುಡುಗಿಯರು ಯಾಕೆ ಅಷ್ಟು ಕಡಿಮೆ ಅಂತ ನನ್ನನ್ನು ಕೇಳಿದರೆ, ಉತ್ತರದ ಒಂದು ಭಾಗ ನಮ್ಮ ಬೀದಿಯಲ್ಲೇ ಇದೆ ಅನ್ನುತ್ತೇನೆ.

ಈಗ ದುಡ್ಡಿನ ಮಾತು. ಅದೇ 2017-18ರ ಸಮೀಕ್ಷೆಯಲ್ಲಿ, ಒಂದು ಸಲ ಆಸ್ಪತ್ರೆಗೆ ದಾಖಲಾದರೆ ಸರಾಸರಿ ಖರ್ಚು ಸರ್ಕಾರಿ ಆಸ್ಪತ್ರೆಯಲ್ಲಿ 4,452 ರೂಪಾಯಿ, ಖಾಸಗಿಯಲ್ಲಿ 31,845 ರೂಪಾಯಿ ಅಂತ ಬಂತು. ಈ ದುಡ್ಡು ಎಲ್ಲಿಂದ ಬರುತ್ತದೆ? ಉಳಿತಾಯ, ಇಲ್ಲ ಸಾಲ, ಇಲ್ಲ ಏನಾದರೂ ಮಾರಿ ಅಥವಾ ಅಡವಿಟ್ಟು. ಸರ್ಕಾರಿ ಸಮೀಕ್ಷೆಗಳ ಅಂಕಿಗಳನ್ನು ಮತ್ತೆ ಕೂಡಿ ಕಳೆದು ನೋಡಿದ ಸಂಶೋಧಕರಿಗೆ ಎರಡು ವಿಷಯ ಕಂಡವು. ಆಸ್ಪತ್ರೆ ಸೇರಿದ ಹೆಂಗಸಿನ ಮೇಲೆ ಆಗುವ ಸರಾಸರಿ ಖರ್ಚು ಗಂಡಸಿನ ಮೇಲೆ ಆಗುವುದಕ್ಕಿಂತ ಕಡಿಮೆ. ಸಾಲ ಮಾಡಿ, ಆಸ್ತಿ ಮಾರಿ ಚಿಕಿತ್ಸೆ ಕೊಡಿಸುವುದೂ ಹೆಂಗಸಿಗಾದರೆ ಕಡಿಮೆ.

ಎರಡನೆಯದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟೆ. ಅಬ್ಬಾನಿಗೆ ಎದೆನೋವು ಬಂದ ರಾತ್ರಿ ಹತ್ತಿರದ ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಬೆಳಗಿನ ಹೊತ್ತಿಗೆ ಕಟ್ಟಬೇಕಿದ್ದ ದುಡ್ಡಿಗೆ ಅಮ್ಮಿ ತಮ್ಮ ನಾಲ್ಕು ಬಳೆ ಬಿಚ್ಚಿ ಮಾವನ ಕೈಗೆ ಕೊಟ್ಟರು. ಬಿಚ್ಚುವಾಗ ಸೋಪಿನ ನೀರು ಬೇಕಾಯಿತು, ಮದುವೆಯಾದಾಗಿನಿಂದ ತೆಗೆದೇ ಇರಲಿಲ್ಲ. ಎರಡು ಬಳೆ ವಾಪಸ್ ಬಂದಿವೆ, ಎರಡು ಬಂದಿಲ್ಲ. ಅಬ್ಬಾ ನಮ್ಮ ಜೊತೆ ಇದ್ದಾರೆ, ಬಳೆ ಹೋದರೆ ಹೋಗಲಿ, ನನಗೂ ಅಮ್ಮಿಗೂ ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಯಿಲೆ ಅಮ್ಮಿಗೆ ಬಂದಿದ್ದರೆ ನಾವು ಯಾರ ಬಳೆ ಅಡವಿಡುತ್ತಿದ್ದೆವು? ಈ ಪ್ರಶ್ನೆಯನ್ನು ನಾನು ಅಮ್ಮಿಗೇ ಕೇಳಿದೆ. "ಕುಚ್ ನೈ ಹೋತಾ ಮೇರೇಕು" ಅಂದರು, ನನಗೇನೂ ಆಗುವುದಿಲ್ಲ ಅಂತ. ಇದು ಉತ್ತರ ಅಲ್ಲ.

ಹಾಗಾದರೆ ಚಿಕಿತ್ಸೆಯನ್ನು ಪೂರ್ತಿ ಉಚಿತ ಮಾಡಿದರೆ ಸರಿಹೋಗುತ್ತದೆಯೇ? ನಾನೂ ಹಾಗೇ ಅಂದುಕೊಂಡಿದ್ದೆ. ರಾಜಸ್ಥಾನದಲ್ಲಿ 2015ರ ಕೊನೆಯಲ್ಲಿ ಬಡ ಕುಟುಂಬಗಳಿಗೆ ಭಾಮಾಶಾ ಆರೋಗ್ಯ ವಿಮೆ ಬಂತು, ಆಸ್ಪತ್ರೆಯಲ್ಲಿ ಹಣ ಕಟ್ಟುವಂತಿಲ್ಲ. ಪಾಸ್ಕಲೀನ್ ದ್ಯುಪಾ ಮತ್ತು ರಾಧಿಕಾ ಜೈನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅದರ ಲಕ್ಷಾಂತರ ಕ್ಲೇಮುಗಳನ್ನು ಪರಿಶೀಲಿಸಿದರು. ಉಚಿತವಾಗಿದ್ದರೂ ಹೆಣ್ಣುಮಕ್ಕಳ ಭೇಟಿ ಕಡಿಮೆಯೇ ಇತ್ತು. ಅದರಲ್ಲೂ ಚಿಕ್ಕ ಹುಡುಗಿಯರು ಮತ್ತು ವಯಸ್ಸಾದ ಹೆಂಗಸರು ಎದ್ದು ಕಾಣುವಷ್ಟು ಕಡಿಮೆ. ಖರ್ಚು ಇಳಿದಾಗ ಹೆಂಗಸರು ಮೊದಲಿಗಿಂತ ಹೆಚ್ಚು ಬಂದರು, ಗಂಡಸರೂ ಅಷ್ಟೇ ಹೆಚ್ಚು ಬಂದರು, ಅಂತರ ಅಲ್ಲೇ ಉಳಿಯಿತು. ಒಬ್ಬ ರೋಗಿಯನ್ನು ಕರೆದೊಯ್ಯಲು ಬಸ್ಸಿನ ದುಡ್ಡು, ಜೊತೆಗೆ ಹೋಗುವವರ ಒಂದು ದಿನದ ಕೂಲಿ, ಮನೆಯಲ್ಲಿ ಅಡುಗೆ ಮಾಡುವವರು ಯಾರು ಎಂಬ ಚಿಂತೆ, ಇದ್ಯಾವುದೂ ವಿಮೆಯ ಕಾರ್ಡಿನೊಳಗೆ ಬರುವುದಿಲ್ಲ.

ಯೋಜನೆಯ ಸಣ್ಣ ಅಕ್ಷರಗಳನ್ನೂ ಓದಬೇಕು, ಕಾಮರ್ಸಿನವರ ಚಾಳಿ. 2008ರಲ್ಲಿ ಬಂದ ರಾಷ್ಟ್ರೀಯ ಸ್ವಾಸ್ಥ್ಯ ವಿಮಾ ಯೋಜನೆಯಲ್ಲಿ ಒಂದು ಕುಟುಂಬದಿಂದ ಐದೇ ಜನರ ಹೆಸರು ಬರೆಸಬಹುದಿತ್ತು. ಆರು ಜನರ ಮನೆಯಲ್ಲಿ ಆರನೆಯವರು ಯಾರು ಆಗಿರುತ್ತಾರೆ ಅಂತ ನೀವೇ ಊಹಿಸಿ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್‌ನಲ್ಲಿ ಆ ಮಿತಿ ತೆಗೆದರು, ಮನೆಯಲ್ಲಿ ಎಷ್ಟೇ ಜನ ಇದ್ದರೂ, ಯಾವ ವಯಸ್ಸಾದರೂ ಸರಿ. ನಮ್ಮಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಒಳ್ಳೆಯದೇ. ಆದರೆ ಅದು ಹೆಚ್ಚಾಗಿ ದಾಖಲಾದ ಮೇಲಿನ ಖರ್ಚಿಗೆ. ಅಮ್ಮಿ ಮೊದಲು ದಾಖಲಾಗುವ ತನಕ ಬರಬೇಕಲ್ಲ!

ಹೆಂಗಸರನ್ನು ಆಸ್ಪತ್ರೆಗೆ ಕರೆತರಲು ಸಾಧ್ಯವೇ ಇಲ್ಲ ಅಂತ ಹೇಳುವವರಿಗೆ ನನ್ನ ಬಳಿ ಒಂದು ಅಂಕಿ ಇದೆ. 2005-06ರಲ್ಲಿ ದೇಶದ ಹೆರಿಗೆಗಳಲ್ಲಿ ಶೇ. 38.7 ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-21ರ ಹೊತ್ತಿಗೆ ಅದು ಶೇ. 88.6 ಆಯಿತು. ಹದಿನೈದು ವರ್ಷದೊಳಗೆ! ಸರ್ಕಾರ ದುಡ್ಡು ಕೊಟ್ಟಿತು, ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ಬಂದು ಕರೆದೊಯ್ದರು, ಆಂಬುಲೆನ್ಸ್ ಬಂತು, ಮನೆಯ ಹಿರಿಯರೂ ಒಪ್ಪಿದರು. ನಮ್ಮ ಓಣಿಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದ ಕೊನೆಯ ಮಗು ಯಾವುದು ಅಂತ ಈಗ ದೊಡ್ಡವರೇ ಯೋಚಿಸಿ ಹೇಳಬೇಕು. ಅದೇ ಮನೆಗಳು, ಅದೇ ಗಂಡಸರು, ಅದೇ ಪರ್ದಾ, ಅದೇ ದೂರ. ಹೊಟ್ಟೆಯಲ್ಲಿ ಮಗು ಇದ್ದಾಗ ದಾರಿ ಸಿಕ್ಕಿತು. ಅಮ್ಮಿಯ ಮೂರು ಕಾಗದಗಳು ಹೇಳುವುದೂ ಅದನ್ನೇ. ಆ ಮೂರೂ ಕಾಗದ ನಮ್ಮ ಮೂವರಿಗಾಗಿ ಆದದ್ದು.

2013ರ ತಾಯಿ ಕಾರ್ಡನ್ನು ನಾನು ಸರಿಯಾಗಿ ಓದಿದೆ. ಹಿಮೋಗ್ಲೋಬಿನ್ 9.1 ಅಂತ ಬರೆದು ಕೆಳಗೆ ಗೆರೆ ಎಳೆದಿದ್ದರು. ತಮ್ಮ ಹುಟ್ಟಿದ, ಕಾರ್ಡು ಚೀಲ ಸೇರಿತು. ಆಮೇಲೆ ಹನ್ನೆರಡು ವರ್ಷ ಆ ಅಂಕಿ ಏನಾಯಿತು ಅಂತ ಯಾರೂ ನೋಡಿಲ್ಲ. ಅಕೌಂಟೆನ್ಸಿಯಲ್ಲಿ ನಾವು ಕಟ್ಟಬೇಕಾದ ಖರ್ಚನ್ನು ಕಟ್ಟದಿದ್ದರೆ ಅದು ಸೊನ್ನೆ ಆಗುವುದಿಲ್ಲ, ಬಾಕಿ ಅಂತ ಬ್ಯಾಲೆನ್ಸ್ ಶೀಟಿನಲ್ಲಿ ಬರುತ್ತದೆ. ನಾನು "ಒಂದು ರೂಪಾಯಿ ಖರ್ಚಿಲ್ಲ" ಅಂದದ್ದು ತಪ್ಪು ಎಂಟ್ರಿ.

ಕರೆದುಕೊಂಡು ಹೋಗಲು ಮೂರು ವಾರ ಹಿಡಿಯಿತು. ಒಂದು ವಾರ ನೆಂಟರು, ಒಂದು ವಾರ ತಮ್ಮನ ಪರೀಕ್ಷೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೊರರೋಗಿ ಚೀಟಿ ಸಿಗುವುದು ಬೆಳಿಗ್ಗೆ. ಮನೆಯ ಹೆಂಗಸು ಮನೆ ಬಿಡಲು ಆಗದ ಹೊತ್ತೂ ಬೆಳಿಗ್ಗೆಯೇ. ನಲ್ಲಿ ನೀರು, ನಾಷ್ಟಾ, ಟಿಫಿನ್ ಡಬ್ಬಿ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಆದರೆ ಅಮ್ಮಿ ಒಬ್ಬರೇ ಹೋಗುವವರಲ್ಲ, ಅಬ್ಬಾ ಬಂದರೆ ಗ್ಯಾರೇಜು ಬಂದ್. ಕೊನೆಗೆ ನಾನೇ ಕಾಲೇಜಿಗೆ ರಜಾ ಹಾಕಿ ಹೋದೆ. ಮಗಳು ಜೊತೆಗೆ ಬಂದರೆ ಇಬ್ಬರಿಗೂ ಟಿಕೆಟ್ ಇಲ್ಲ ನೋಡಿ, ಈ ಅನುಕೂಲ ನಮಗೆ ಎರಡು ವರ್ಷ ಹೊಳೆದಿರಲಿಲ್ಲ.

ಡಾಕ್ಟರು ಒಳ್ಳೆಯವರೇ, ಲೇಡಿ ಡಾಕ್ಟರ್. ಅವರು ಕನ್ನಡದಲ್ಲಿ ಕೇಳಿದರು, ಅಮ್ಮಿ ನನ್ನ ಮುಖ ನೋಡಿದರು. ಅಮ್ಮಿಗೆ ಸಂತೆಯ ಕನ್ನಡ ಚೆನ್ನಾಗಿ ಬರುತ್ತದೆ, ಟೊಮೆಟೊ ಚೌಕಾಸಿಯಲ್ಲಿ ಅವರನ್ನು ಯಾರೂ ಸೋಲಿಸಲಾರರು. ಮೈಯ ಕನ್ನಡ ಬರುವುದಿಲ್ಲ. "ಕಮ್ಜೋರಿ" ಅಂದರು, ನಾನು ಸುಸ್ತು ಅಂದೆ. "ಚಕ್ಕರ್" ಅಂದರು, ತಲೆಸುತ್ತು ಅಂದೆ. ಆಮೇಲೆ ಡಾಕ್ಟರು ತಿಂಗಳ ವಿಷಯ ಕೇಳಿದರು. ಅಮ್ಮಿ ನನ್ನ ಎದುರು ಹೇಳಲಾರದೆ ಸುಮ್ಮನಾದರು. ನನಗೂ ಆ ಮಾತಿಗೆ ಕನ್ನಡದಲ್ಲಿ ಸರಿಯಾದ ಪದ ಬಾಯಿಗೆ ಬರಲಿಲ್ಲ, ಉರ್ದುವಿನಲ್ಲಂತೂ ನಾವಿಬ್ಬರೂ ಆ ವಿಷಯ ಎಂದೂ ಮಾತಾಡಿದವರಲ್ಲ. ಇದನ್ನು ಇಲ್ಲಿ ಬರೆಯಲು ಮುಜುಗರವಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ಕೊನೆಗೆ ಅರ್ಧ ಸನ್ನೆಯಲ್ಲಿ ಹೇಳಿ ಮುಗಿಸಿದೆವು. ಎರಡು ವರ್ಷದಿಂದ ಹತ್ತು ಹತ್ತು ದಿನ ರಕ್ತ ಹೋಗುತ್ತಿತ್ತಂತೆ. ಒಂದೇ ಮನೆಯಲ್ಲಿ, ಒಂದೇ ಕೋಣೆಯಲ್ಲಿ ಮಲಗುವ ನನಗೆ ಗೊತ್ತಿರಲಿಲ್ಲ.

ಹಿಮೋಗ್ಲೋಬಿನ್ 8.4 ಬಂತು. ಹೆಂಗಸರಿಗೆ 12 ಇರಬೇಕು. ಸ್ಕ್ಯಾನಿಂಗ್ ಬರೆದುಕೊಟ್ಟಿದ್ದಾರೆ, ಮಾತ್ರೆ ಕೊಟ್ಟಿದ್ದಾರೆ. ಅಬ್ಬಾ ರಿಪೋರ್ಟನ್ನು ಎರಡು ಸಲ ನೋಡಿ, "ಮೊದಲೇ ಹೇಳಬಾರದಿತ್ತಾ?" ಅಂದರು. ಅವರು ಕೆಟ್ಟವರಲ್ಲ. ಯಾರೂ ಕೇಳಿರಲಿಲ್ಲ, ಆಕೆ ಹೇಳಿರಲಿಲ್ಲ, ಅಷ್ಟೇ.

ನಮ್ಮ ಕಾಲೇಜಿನಲ್ಲಿ ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಆರೋಗ್ಯ ತಪಾಸಣೆ ಶಿಬಿರ ಮಾಡುತ್ತಾರೆ. ತೂಕ, ಎತ್ತರ, ಕಣ್ಣು, ಹಲ್ಲು. ಪ್ರಿನ್ಸಿಪಾಲ್ ಸರ್ ಅವರಲ್ಲಿ ನನ್ನ ಒಂದು ವಿನಂತಿ. ಈ ಸಲ ಒಂದು ಭಾನುವಾರ, ಬೆಳಿಗ್ಗೆ ಬೇಡ, ಹನ್ನೊಂದರ ಮೇಲೆ, ನಮ್ಮ ತಾಯಂದಿರನ್ನೂ ಅಜ್ಜಿಯರನ್ನೂ ಕರೆಯೋಣ. 30 ದಾಟಿದವರಿಗೆ ಬಿಪಿ, ಸಕ್ಕರೆ, ಬಾಯಿ ಮತ್ತು ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಉಚಿತವಾಗಿ ಇದೆ, ಕೇಳಿಕೊಂಡರೆ ಆರೋಗ್ಯ ಇಲಾಖೆಯವರು ಬರಬಹುದು. ಲೇಡಿ ಡಾಕ್ಟರ್ ಇರಲಿ. ಉರ್ದು, ಲಂಬಾಣಿ ಬಲ್ಲ ಹುಡುಗಿಯರು ಪಕ್ಕದಲ್ಲಿ ಕೂರುತ್ತೇವೆ, ಆದರೆ ಒಬ್ಬೊಬ್ಬರ ಪಕ್ಕ ಅವರವರ ಮಗಳನ್ನು ಕೂರಿಸುವುದು ಬೇಡ, ಬೇರೆಯವರ ಮಗಳನ್ನು ಕೂರಿಸಿ. ಅದರ ಕಾರಣ ಮೇಲೆ ಬರೆದಿದ್ದೇನೆ. ರಕ್ತ ಪರೀಕ್ಷೆಯ ಚೀಟಿಗಳನ್ನು ಬರೆಯುವುದು, ನಂಬರ್ ಹಾಕುವುದು, ಫೈಲ್ ಮಾಡುವುದು ಕಾಮರ್ಸ್ ವಿಭಾಗದವರ ಪಾಲು. ಹುಡುಗರು ಕುರ್ಚಿ ಹಾಕುವುದರ ಜೊತೆಗೆ ಇನ್ನೊಂದು ಕೆಲಸ ಮಾಡಬೇಕು. ಅವರ ಅಮ್ಮಂದಿರು ಬೇಡ ಅಂದಾಗ ಬೈಕಿನಲ್ಲಿ ಕೂರಿಸಿಕೊಂಡು ಬರಬೇಕು. ಹೆಲ್ಮೆಟ್ ಹಾಕಿಕೊಂಡು.

ನೀಲಿ ಚೀಲದಲ್ಲಿ ಅಮ್ಮಿಯ ಖಾತೆಗೆ ಈಗ ಐದು ಕಾಗದ ಆಗಿವೆ. ಸ್ಕ್ಯಾನಿಂಗಿಗೆ ಬರಲು ಹೇಳಿರುವುದು ಇದೇ ತಿಂಗಳ ಕೊನೆಯ ಮಂಗಳವಾರ. ಆ ದಿನ ಖಾಲಾ ಮನೆಯಲ್ಲಿ ಅಕೀಖಾ ಇದೆ, ಮುಂದಕ್ಕೆ ಹಾಕಲು ಆಗುತ್ತದಾ ಕೇಳು ಅಂತ ಅಮ್ಮಿ ನಿನ್ನೆಯಿಂದ ಎರಡು ಸಲ ಹೇಳಿದ್ದಾರೆ. ಆ ದಿನವೇ ನಮಗೆ ಬಿಸಿನೆಸ್ ಸ್ಟಡೀಸ್ ಟೆಸ್ಟ್ ಕೂಡ ಇದೆ. ಕ್ಲಾಸ್ ಟೀಚರಿಗೆ ರಜಾ ಅರ್ಜಿ ಈಗಲೇ ಬರೆದು ಕೊಟ್ಟಿದ್ದೇನೆ.